ಪುಸ್ತಕದಿಂದ ಹೊರಟು ಪುಸ್ತಕಕ್ಕೇ ಮರಳಲಿ: ಪ್ರಾಥಮಿಕ ಶಾಲೆಯ ಗ್ರಂಥಾಲಯ ಅವಧಿಯ ಕುರಿತು ಒಂದು ಬಹಿರಂಗ ಪತ್ರ

ಪ್ರಾಥಮಿಕ ಶಾಲೆಗಳ ಆಡಳಿತ, ತಪಾಸಣೆ ಮತ್ತು ವೇಳಾಪಟ್ಟಿಯ ಹೊಣೆ ಹೊತ್ತಿರುವ ಮಾನ್ಯರಿಗೆ,

ನಮಸ್ಕಾರಗಳು.

ಪುಸ್ತಕ ಸಾಲದು, ಕೊಠಡಿ ಸಾಲದು, ಅನುದಾನ ಸಾಲದು ಎಂಬ ಮನವಿಗಳು ತಮ್ಮ ಮೇಜಿನ ಮೇಲೆ ಸಾಕಷ್ಟಿರುತ್ತವೆ. ಅವುಗಳಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಪುಸ್ತಕ ಬಂದು, ಕೊಠಡಿ ದೊರೆತು, ವೇಳಾಪಟ್ಟಿಯಲ್ಲಿ ವಾರಕ್ಕೊಂದು ಗ್ರಂಥಾಲಯ ಅವಧಿ ನಿಗದಿಯಾದ ಶಾಲೆಗಳಲ್ಲೂ ಆ ಅವಧಿಯೊಳಗೆ ಮಕ್ಕಳು ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಯಾರೂ ಗಂಭೀರವಾಗಿ ಎತ್ತಿಕೊಂಡಂತೆ ಕಾಣುವುದಿಲ್ಲ. ತರಗತಿಯ ಪಾಠದ ಜೊತೆಗೆ ಗ್ರಂಥಾಲಯದ ಹೊಣೆಯನ್ನೂ ಹೊತ್ತ ಶಿಕ್ಷಕಿಯಾಗಿ ಆ ಒಂದು ಪ್ರಶ್ನೆಯನ್ನಷ್ಟೇ ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಈಗ ನಡೆಯುತ್ತಿರುವುದು ಸಾಮಾನ್ಯವಾಗಿ ಎರಡು ಬಗೆ. ಒಂದು, ಬೀರುವಿಗೆ ಬೀಗ ಬಿದ್ದಿರುತ್ತದೆ. ಅವಧಿಯನ್ನು ಗಣಿತದ ಬಾಕಿ ಲೆಕ್ಕಗಳಿಗೋ ಪರೀಕ್ಷೆಯ ಪುನರಾವರ್ತನೆಗೋ ಬಳಸಿಕೊಳ್ಳಲಾಗುತ್ತದೆ. ಇನ್ನೊಂದು, ಬೀರು ತೆರೆದಿರುತ್ತದೆ, ಆದರೆ ಪುಸ್ತಕ ಕೈಗೆ ಬಂದ ಕ್ಷಣದಿಂದ ಮಗುವಿನ ತಲೆಯ ಮೇಲೆ ಒಂದು ಕೆಲಸ ಬೀಳುತ್ತದೆ: ಸಾರಾಂಶ ಬರೆಯಬೇಕು, ನೀತಿ ಹೇಳಬೇಕು, ಹತ್ತು ಹೊಸ ಪದಗಳನ್ನು ಪಟ್ಟಿ ಮಾಡಬೇಕು, ಐದು ಪ್ರಶ್ನೆಗಳಿಗೆ ಉತ್ತರಿಸಬೇಕು. ಮೊದಲನೆಯದು ಎದ್ದು ಕಾಣುವ ನಿರ್ಲಕ್ಷ್ಯ. ತಪಾಸಣೆಗೆ ಬಂದವರು ಅದನ್ನು ಗುರುತಿಸಬಲ್ಲರು. ಎರಡನೆಯದು ಉತ್ಸಾಹದ ವೇಷದಲ್ಲಿ ಬರುವುದರಿಂದ ವರದಿಯಲ್ಲಿ ಮೆಚ್ಚುಗೆಯನ್ನೂ ಗಳಿಸುತ್ತದೆ, ಮತ್ತು ನನ್ನ ಮಟ್ಟಿಗೆ ಹೆಚ್ಚು ಹಾನಿ ಮಾಡುವುದು ಅದೇ. ಬೀಗ ಹಾಕಿದ ಬೀರುವಿನ ಬಗ್ಗೆ ಮಗುವಿಗೆ ಕುತೂಹಲವಾದರೂ ಉಳಿದೀತು. ಓದಿದ್ದಕ್ಕೆಲ್ಲ ಲೆಕ್ಕ ಒಪ್ಪಿಸಬೇಕಾದ ಮಗುವಾದರೋ ತೆಳ್ಳಗಿನ ಪುಸ್ತಕವನ್ನೇ ಹುಡುಕಲು ಕಲಿಯುತ್ತದೆ.

ಆದ್ದರಿಂದ ಚಟುವಟಿಕೆ ಎಂಬ ಹೆಸರಿನಲ್ಲಿ ಗ್ರಂಥಾಲಯದೊಳಗೆ ಬರುವ ಪ್ರತಿಯೊಂದನ್ನೂ ನಾವು ಒಂದೇ ಪ್ರಶ್ನೆಯಿಂದ ಪರೀಕ್ಷಿಸಬೇಕೆಂದು ನನ್ನ ಕೋರಿಕೆ: ಇದು ಮುಗಿಯುವ ಹೊತ್ತಿಗೆ ಮಗುವಿನ ಕೈ ಮತ್ತೆ ಪುಸ್ತಕದತ್ತ ಹೋಗುತ್ತದೆಯೇ? ಹೋಗುತ್ತದೆಯಾದರೆ ಅದು ನಾಟಕವಾಗಲಿ, ಚಿತ್ರವಾಗಲಿ, ಬರೀ ಹರಟೆಯಾಗಲಿ, ಇರಲಿ. ಹೋಗದಿದ್ದರೆ ಅದು ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದರ ಜಾಗ ತರಗತಿಯೇ ಹೊರತು ಗ್ರಂಥಾಲಯವಲ್ಲ.

ಬೀಗದ ವಿಷಯವನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಅದು ತಮ್ಮ ಅಧಿಕಾರದ ವ್ಯಾಪ್ತಿಗೆ ನೇರವಾಗಿ ಬರುತ್ತದೆ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗೆ ಎಂಬುದು. ಇಷ್ಟು ಸರಳವಾದ ಮಾತನ್ನು ಸೂತ್ರವೆಂದು ಬರೆದಿಡಬೇಕಾಗಿ ಬಂದದ್ದಕ್ಕೆ ಚರಿತ್ರೆಯ ಕಾರಣವಿದೆ: ಮಧ್ಯಯುಗದ ಯುರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಳಿಯಿಂದ ಬಿಗಿದಿಡುತ್ತಿದ್ದರು. ಕೈಯಿಂದ ನಕಲು ಮಾಡಿದ ಪ್ರತಿಯೊಂದು ಕಳೆದುಹೋದರೆ ಮತ್ತೆ ಸಿಗುವುದು ದುರ್ಲಭವಾಗಿದ್ದ ಆ ಕಾಲಕ್ಕೆ ಸರಪಳಿಯಲ್ಲಿ ಅರ್ಥವಿತ್ತು. ಅಚ್ಚಿನ ಪುಸ್ತಕಗಳ ಕಾಲದಲ್ಲಿ, ಅದೂ ಮಕ್ಕಳ ಕಥೆಪುಸ್ತಕಗಳ ವಿಷಯದಲ್ಲಿ, ಅದಕ್ಕೆ ಸಮರ್ಥನೆಯಿಲ್ಲ.

ಆದರೂ ಶಿಕ್ಷಕರು ಬೀಗ ಹಾಕುತ್ತಾರೆ. ಅದು ಸೋಮಾರಿತನವೆಂದು ಭಾವಿಸುವುದು ಸುಲಭ. ನಿಜವಾದ ಕಾರಣ ದಾಸ್ತಾನು ವಹಿಯಲ್ಲಿದೆ. ವರ್ಷದ ಕೊನೆಯಲ್ಲಿ ವಹಿಯಲ್ಲಿರುವ ಸಂಖ್ಯೆಗೂ ಬೀರುವಿನಲ್ಲಿರುವ ಸಂಖ್ಯೆಗೂ ವ್ಯತ್ಯಾಸ ಬಂದರೆ ವಿವರಣೆ ಕೊಡಬೇಕಾದವರು, ಕೆಲವೆಡೆ ಕೈಯಿಂದ ಹಣ ತೆರಬೇಕಾದವರು ಅವರೇ. ಒಂದೂ ಪುಸ್ತಕ ಕಳೆಯದಿರಲು ಇರುವ ಖಚಿತ ದಾರಿಯೆಂದರೆ ಒಂದನ್ನೂ ಯಾರಿಗೂ ಕೊಡದಿರುವುದು. ಹೀಗಾಗಿ ಪುಸ್ತಕ ಕೊಟ್ಟವರಿಗೆ ತೊಂದರೆ, ಕೊಡದವರಿಗೆ ನೆಮ್ಮದಿ ಎಂಬ ವ್ಯವಸ್ಥೆಯನ್ನು ನಾವೇ ಕಟ್ಟಿಕೊಂಡಿದ್ದೇವೆ. ಬಳಕೆಯಿಂದ ಹರಿದ, ಸವೆದ, ಅಲ್ಪ ಪ್ರಮಾಣದಲ್ಲಿ ಕಳೆದ ಪುಸ್ತಕಗಳನ್ನು ಸಹಜ ವೆಚ್ಚವೆಂದು ಪರಿಗಣಿಸಿ, ಅವುಗಳನ್ನು ವಹಿಯಿಂದ ಕಡಿಮೆ ಮಾಡುವ ಅಧಿಕಾರವನ್ನು ಶಾಲೆಯ ಮಟ್ಟದಲ್ಲೇ ಕೊಡುವ ಲಿಖಿತ ಆದೇಶವೊಂದು ಹೊರಟರೆ, ಹತ್ತು ತರಬೇತಿ ಶಿಬಿರಗಳಿಗಿಂತ ಅದು ಹೆಚ್ಚು ಕೆಲಸ ಮಾಡೀತು. ಸೀಮೆಸುಣ್ಣ ಸವೆದುಹೋಯಿತೆಂದು ಯಾವ ಶಿಕ್ಷಕರಿಂದಲೂ ನಾವು ವಿವರಣೆ ಕೇಳುವುದಿಲ್ಲ.

ಇನ್ನು ಅವಧಿಯೊಳಗಿನ ಕೆಲಸಕ್ಕೆ ಬರುತ್ತೇನೆ. ಕೆಳ ತರಗತಿಗಳಿಗೆ ಶಿಕ್ಷಕರು ಗಟ್ಟಿಯಾಗಿ ಓದಿ ಹೇಳುವುದಕ್ಕಿಂತ ದೊಡ್ಡ ಚಟುವಟಿಕೆ ಇಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಇದನ್ನು ಕೇವಲ ಮನರಂಜನೆಯೆಂದು ಬಗೆಯುವವರಿದ್ದಾರೆ. ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಮಂಡಿಸಿದ ವಿವರಣೆಯ ಪ್ರಕಾರ, ಓದಿ ಅರ್ಥಮಾಡಿಕೊಳ್ಳುವ ಶಕ್ತಿಯು ಎರಡು ಶಕ್ತಿಗಳ ಗುಣಲಬ್ಧ: ಬರೆದುದನ್ನು ಬಿಡಿಸಿ ಪದವಾಗಿ ಗುರುತಿಸುವುದು ಒಂದು, ಕೇಳಿದ ಭಾಷೆಯನ್ನು ಅರ್ಥೈಸಿಕೊಳ್ಳುವುದು ಇನ್ನೊಂದು. ಅವರು ಇವೆರಡನ್ನು ಕೂಡಿಸಲಿಲ್ಲ, ಗುಣಿಸಿದರು. ಅಂದರೆ ಎರಡರಲ್ಲಿ ಒಂದು ಸೊನ್ನೆಯಾದರೂ ಫಲ ಸೊನ್ನೆಯೇ. ಒಂದು ಮತ್ತು ಎರಡನೆಯ ತರಗತಿಯ ಮಗು ಅಕ್ಷರಗಳೊಂದಿಗೆ ಹೆಣಗುತ್ತಿರುವಾಗ ತಾನಾಗಿ ಓದಬಲ್ಲ ವಾಕ್ಯಗಳು ತೀರ ಚಿಕ್ಕವು, ಬಹುಮಟ್ಟಿಗೆ ನೀರಸವಾದವು. ಅದೇ ಮಗು ಕೇಳಿ ಅರ್ಥಮಾಡಿಕೊಳ್ಳಬಲ್ಲ ಕಥೆ ಅದಕ್ಕಿಂತ ಎಷ್ಟೋ ಪಟ್ಟು ಸಂಕೀರ್ಣವಾದುದು. ಗಟ್ಟಿ ಓದು ಈ ಎರಡನೆಯ ಶಕ್ತಿಯನ್ನು, ಮೊದಲನೆಯದು ಬಲಿಯುವವರೆಗೂ ಕಾಯದೆ, ಬೆಳೆಸುತ್ತ ಹೋಗುತ್ತದೆ.

ಓದಿ ಹೇಳುವುದಕ್ಕೂ ಕಥೆ ಹೇಳುವುದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಬಾಯಿಮಾತಿನಲ್ಲಿ ಕಥೆ ಹೇಳುವಾಗ ನಾವು ಮಾತಿನ ಭಾಷೆಯನ್ನೇ ಬಳಸುತ್ತೇವೆ. ಅದಕ್ಕೆ ಅದರದೇ ಸೊಗಸಿದೆ. ಪುಸ್ತಕದಿಂದ ಓದಿದಾಗ ಮಗುವಿನ ಕಿವಿಗೆ ಬೀಳುವುದು ಬರಹದ ಭಾಷೆ, ಅಂದರೆ ದೈನಂದಿನ ಮಾತಿನಲ್ಲಿ ಬಾರದ ಪದಗಳು, ಒಂದರೊಳಗೊಂದು ಹೆಣೆದ ವಾಕ್ಯಗಳು, ‘ಆದಾಗ್ಯೂ’, ‘ಅಷ್ಟರಲ್ಲಿ’ ಎಂಬಂಥ ಕೊಂಡಿಗಳು. ಇಂಗ್ಲಿಷ್ ಪಠ್ಯಗಳನ್ನು ಆಧರಿಸಿ 1988ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪದವಿ ಪಡೆದ ವಯಸ್ಕರ ಸಾಮಾನ್ಯ ಸಂಭಾಷಣೆಯಲ್ಲಿ ಸಿಗುವುದಕ್ಕಿಂತ ಹೆಚ್ಚು ಅಪರೂಪದ ಪದಗಳು ಮಕ್ಕಳ ಪುಸ್ತಕಗಳಲ್ಲಿ ಸಿಗುತ್ತವೆ ಎಂದು ಎಣಿಸಿ ತೋರಿಸಿತ್ತು. ಆದ್ದರಿಂದ ಶಿಕ್ಷಕರು ಓದುವಾಗ ಕಷ್ಟದ ಪದ ಬಂದೊಡನೆ ಅದನ್ನು ಸುಲಭದ ಪದದಿಂದ ಬದಲಿಸಿಬಿಡಬಾರದು. ಪದವನ್ನು ಇದ್ದಂತೆಯೇ ಓದಿ, ಚಿತ್ರವನ್ನೋ ಸಂದರ್ಭವನ್ನೋ ಬೆರಳಿಟ್ಟು ತೋರಿಸಿ ಮುಂದೆ ಸಾಗಿದರೆ ಸಾಕು.

ಓದುವ ಬಗೆಯ ಬಗ್ಗೆಯೂ ಒಂದೆರಡು ಮಾತು ಹೇಳಬೇಕಾಗಿದೆ, ಏಕೆಂದರೆ ಗಟ್ಟಿ ಓದು ಕೆಡುವುದು ಇಲ್ಲಿಯೇ. ಪುಸ್ತಕವನ್ನು ಮೊದಲೇ ಒಮ್ಮೆ ಓದಿಕೊಳ್ಳದೆ ಮಕ್ಕಳ ಮುಂದೆ ತೆರೆಯಬಾರದು. ಚಿತ್ರಪುಸ್ತಕವಾದರೆ ಪುಟ ಮಕ್ಕಳ ಕಡೆಗಿರಬೇಕು, ಮತ್ತು ಚಿತ್ರವನ್ನು ನೋಡಲು ಅವರಿಗೆ ಸಮಯ ಕೊಡಬೇಕು. ದೊಡ್ಡವರು ಅಕ್ಷರ ಓದುವಷ್ಟರಲ್ಲಿ ಮಕ್ಕಳು ಚಿತ್ರದ ಮೂಲೆಯಲ್ಲಿರುವ, ಕಥೆಯಲ್ಲಿ ಹೇಳದೇ ಇರುವ ಇಲಿಯನ್ನು ಕಂಡುಹಿಡಿದಿರುತ್ತಾರೆ. ಪ್ರಶ್ನೆಗಳು ಬೇಕು, ಆದರೆ ಬೆರಳೆಣಿಕೆಯಷ್ಟು. ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪುಟ್ಟ ಮಕ್ಕಳ ತಂದೆತಾಯಿಗಳಿಗೆ ಪುಸ್ತಕ ಓದುತ್ತಲೇ ಮಗುವನ್ನು ಮಾತಿಗೆಳೆಯುವ ವಿಧಾನವನ್ನು ಕಲಿಸಿದಾಗ, ಸುಮಾರು ಒಂದು ತಿಂಗಳ ಅಭ್ಯಾಸದ ನಂತರ ಆ ಮಕ್ಕಳ ಮಾತಿನ ಶಕ್ತಿ ಹೆಚ್ಚಿದ್ದು ಕಂಡುಬಂತು. ಆ ವಿಧಾನದ ತಿರುಳು ಇಷ್ಟೇ: ಹೌದು ಅಥವಾ ಇಲ್ಲ ಎಂದು ಮುಗಿಸಬಹುದಾದ ಪ್ರಶ್ನೆ ಬೇಡ, ಮಗು ಹೇಳಿದ ಅರ್ಧ ಮಾತನ್ನು ಎತ್ತಿಕೊಂಡು ಇನ್ನಷ್ಟು ಬೆಳೆಸಿ ಹೇಳಬೇಕು, ಕ್ರಮೇಣ ಮಗುವೇ ಕಥೆ ಹೇಳುವಂತಾಗಬೇಕು. ಆ ಪ್ರಯೋಗ ನಡೆದದ್ದು ಮನೆಗಳಲ್ಲಿ, ಒಂದು ಮಗುವಿಗೆ ಒಬ್ಬ ಹಿರಿಯರಂತೆ. ಮಕ್ಕಳು ತುಂಬಿದ ಕೊಠಡಿಯಲ್ಲಿ ಅದೇ ಫಲ ಅದೇ ಪ್ರಮಾಣದಲ್ಲಿ ಬಂದೀತೆಂದು ನಾನು ವಾದಿಸುವುದಿಲ್ಲ. ಆದರೆ ‘ಈ ಕಥೆಯ ನೀತಿ ಏನು?’ ಎಂದು ಕೊನೆಯಲ್ಲಿ ಕೇಳುವ ನಮ್ಮ ರೂಢಿಗಿಂತ ಅದು ಎಷ್ಟೋ ಮೇಲು. ಇನ್ನೊಂದು ಮಾತು: ಒಂದೇ ಪುಸ್ತಕವನ್ನು ಮತ್ತೆ ಓದಿ ಎಂದು ಮಕ್ಕಳು ಕೇಳಿದರೆ ಓದಬೇಕು. ಪಾಠ ಮುಂದೆ ಹೋಗಲಿಲ್ಲವಲ್ಲ ಎಂಬ ಚಿಂತೆ ಗ್ರಂಥಾಲಯದಲ್ಲಿ ಬೇಡ.

ಓದಿ ಮುಗಿಸಿದ ಪುಸ್ತಕ ಮಕ್ಕಳ ಕೈಗೆ ಸಿಗುವ ಜಾಗದಲ್ಲೇ ಉಳಿಯಬೇಕು. ಈಗ ತಾನೇ ಕೇಳಿದ ಕಥೆಯನ್ನು ತಾವೇ ಬಿಡಿಸಿ ನೋಡುವ ಆಸೆ ಮಕ್ಕಳಿಗೆ ಬರುವುದು ಆ ಹೊತ್ತಿನಲ್ಲಿ. ಆಗ ಪುಸ್ತಕ ಮತ್ತೆ ಬೀರು ಸೇರಿದರೆ ಅರ್ಧ ಗಂಟೆಯ ಶ್ರಮವೆಲ್ಲ ವ್ಯರ್ಥ.

ಆಯ್ಕೆಯ ವಿಷಯಕ್ಕೆ ಬಂದರೆ, ಪುಸ್ತಕ ಆರಿಸುವುದೇ ಒಂದು ಕಲಿಕೆ ಎಂಬುದನ್ನು ನಮ್ಮ ವೇಳಾಪಟ್ಟಿಗಳು ಒಪ್ಪಿಕೊಂಡಿಲ್ಲ. ಹಾಜರಾತಿ ಸಂಖ್ಯೆಯ ಕ್ರಮದಲ್ಲಿ ಕರೆದು ಕೈಗೊಂದು ಪುಸ್ತಕ ಕೊಡುವುದು ಶಿಸ್ತಾಗಿ ಕಾಣುತ್ತದೆ, ಬೇಗನೆ ಮುಗಿಯುತ್ತದೆ. ಆದರೆ ಮುಖಪುಟ ನೋಡಿ, ಹಿಂಬದಿ ತಿರುಗಿಸಿ, ನಡುವಿನ ಒಂದು ಪುಟ ಓದಿ, ಬೇಡವೆಂದು ಮತ್ತೆ ಇಟ್ಟು, ಪಕ್ಕದ ಗೆಳತಿ ಹಿಡಿದಿರುವುದನ್ನು ಇಣುಕಿ ನೋಡಿ ಕೊನೆಗೊಂದನ್ನು ಆರಿಸಿಕೊಳ್ಳುವ ಆ ಗೊಂದಲದಲ್ಲೇ ಓದುಗರು ರೂಪುಗೊಳ್ಳುವುದು. ಬೆನ್ನು ಮಾತ್ರ ಕಾಣುವಂತೆ ಒತ್ತೊತ್ತಾಗಿ ಜೋಡಿಸಿದ ಪುಸ್ತಕಗಳು ಸಣ್ಣ ಮಕ್ಕಳಿಗೆ ಏನನ್ನೂ ಹೇಳುವುದಿಲ್ಲ. ಒಂದಷ್ಟನ್ನಾದರೂ ಮುಖಪುಟ ಕಾಣುವಂತೆ ನಿಲ್ಲಿಸಬೇಕು, ವಾರಕ್ಕೊಮ್ಮೆ ಬದಲಿಸಬೇಕು. ಪುಸ್ತಕಗಳಿಗೆ ವಿಷಯಕ್ಕೊಂದು ಸಂಖ್ಯೆ ಕೊಟ್ಟು ಜೋಡಿಸುವ, ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣವನ್ನು ಪೂರ್ತಿಯಾಗಿ ಅಳವಡಿಸುವುದು ಚಿಕ್ಕ ಸಂಗ್ರಹಕ್ಕೆ ಅಗತ್ಯವಿಲ್ಲ. ಆದರೆ ಜನಪದ ಕಥೆಗಳಿಗೆ 398, ಹಕ್ಕಿಗಳಿಗೆ 598 ಎಂಬ ಸಂಖ್ಯೆಗಳಿವೆ, ಜಗತ್ತಿನ ಎಷ್ಟೋ ಗ್ರಂಥಾಲಯಗಳಲ್ಲಿ ಅವೇ ಸಂಖ್ಯೆಗಳು ಅದೇ ಕಪಾಟಿಗೆ ಕರೆದೊಯ್ಯುತ್ತವೆ ಎಂಬುದನ್ನು ಮೇಲಿನ ತರಗತಿಯ ಮಕ್ಕಳಿಗೆ ತಿಳಿಸಿದಾಗ ಅವರಿಗಾಗುವ ಬೆರಗನ್ನು ನಾನು ಕಂಡಿದ್ದೇನೆ. ಚಿಕ್ಕವರಿಗೆ ವಿಷಯಕ್ಕೊಂದು ಬಣ್ಣದ ಪಟ್ಟಿ ಸಾಕು.

ಬಣ್ಣದ ಪಟ್ಟಿಯನ್ನು ಓದಿನ ಮಟ್ಟ ಸೂಚಿಸಲು ಬಳಸುವ ಪದ್ಧತಿಯ ಬಗ್ಗೆ ಮಾತ್ರ ನನಗೆ ಅಸಮಾಧಾನವಿದೆ. ಯಾವ ಪುಸ್ತಕ ಎಷ್ಟು ಕಠಿಣ ಎಂಬುದು ಶಿಕ್ಷಕರಿಗೆ ಗೊತ್ತಿರಬೇಕು, ನಿಜ. ಆದರೆ ಐದನೆಯ ತರಗತಿಯ ಹುಡುಗನೊಬ್ಬ ಎಲ್ಲರೆದುರು ಒಂದನೆಯ ತರಗತಿಯ ಬಣ್ಣದ ಕಪಾಟಿನ ಮುಂದೆ ನಿಲ್ಲಬೇಕಾಗಿ ಬಂದರೆ, ಮುಂದಿನ ವಾರ ಆ ಅವಧಿಗೆ ಅವನಿಗೆ ಹೊಟ್ಟೆನೋವು ಬರುತ್ತದೆ. ತನಗೆ ಮೀರಿದ ದಪ್ಪ ಪುಸ್ತಕವನ್ನು ಚಿತ್ರಗಳಿಗಾಗಿ ಒಯ್ಯುವ ಮಗುವನ್ನೂ ತನ್ನ ಮಟ್ಟಕ್ಕಿಂತ ಸುಲಭವಾದುದನ್ನು ಸುಮ್ಮನೆ ಖುಷಿಗಾಗಿ ಒಯ್ಯುವ ಮಗುವನ್ನೂ ತಡೆಯಬೇಕಾಗಿಲ್ಲ. ನಾವು ದೊಡ್ಡವರು ಓದುವುದೂ ಹಾಗೆಯೇ ಅಲ್ಲವೇ?

ಹಿಂದುಳಿದ ಓದುಗರ ವಿಷಯ ಬಂದುದರಿಂದ ಅದನ್ನು ಇನ್ನಷ್ಟು ವಿವರಿಸಬೇಕು. ಕೀತ್ ಸ್ಟಾನೊವಿಚ್ 1986ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ತೋರಿಸಿದಂತೆ, ಆರಂಭದಲ್ಲೇ ಸರಾಗವಾಗಿ ಓದಬಲ್ಲ ಮಗು ಹೆಚ್ಚು ಓದುತ್ತದೆ, ಹೆಚ್ಚು ಓದಿದ್ದರಿಂದ ಅದರ ಪದಸಂಪತ್ತು ಹೆಚ್ಚುತ್ತದೆ, ಪದಸಂಪತ್ತು ಹೆಚ್ಚಿದ್ದರಿಂದ ಓದು ಇನ್ನಷ್ಟು ಸುಲಭವಾಗುತ್ತದೆ. ತೊಡರುವ ಮಗು ಓದನ್ನು ತಪ್ಪಿಸಿಕೊಳ್ಳುತ್ತದೆ, ತಪ್ಪಿಸಿಕೊಂಡಷ್ಟೂ ಹಿಂದೆ ಬೀಳುತ್ತದೆ. ಉಳ್ಳವರಿಗೇ ಇನ್ನಷ್ಟು ಸೇರುವ ಈ ಚಕ್ರ ಗ್ರಂಥಾಲಯ ಅವಧಿಯಲ್ಲಿ ನಿಲ್ಲುವುದರ ಬದಲು ವೇಗವಾಗಿಯೇ ತಿರುಗಬಹುದು. ‘ಎಲ್ಲರೂ ಮೌನವಾಗಿ ಓದಿ’ ಎಂದು ಹೇಳಿ ಶಿಕ್ಷಕರು ತಮ್ಮ ದಾಖಲೆ ಪುಸ್ತಕಗಳನ್ನು ತುಂಬತೊಡಗಿದರೆ, ಓದಬಲ್ಲವರು ಓದುತ್ತಾರೆ, ಓದಲಾರದವರು ಪುಟ ತಿರುಗಿಸುತ್ತಾರೆ. ಅಮೆರಿಕದ ರಾಷ್ಟ್ರೀಯ ಓದು ಸಮಿತಿಯು 2000ದಲ್ಲಿ ನೀಡಿದ ವರದಿಯಲ್ಲಿ, ಮಾರ್ಗದರ್ಶನವಿಲ್ಲದ ಮೌನ ಓದಿನಿಂದಲೇ ಓದಿನ ಸರಾಗತೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಪುರಾವೆ ಸಿಕ್ಕಿಲ್ಲ ಎಂದು ಹೇಳಿತ್ತು. ಮೌನ ಓದು ವ್ಯರ್ಥ ಎಂದು ಸಮಿತಿ ಹೇಳಲಿಲ್ಲ. ಅದನ್ನು ಹಾಗೆ ತಿರುಚಿ, ಓದುವ ಸಮಯವನ್ನೇ ಕತ್ತರಿಸಲು ಬಳಸಿಕೊಂಡವರೂ ಇದ್ದಾರೆ. ನಾನು ಅದರಿಂದ ತೆಗೆದುಕೊಳ್ಳುವ ಪಾಠ ಬೇರೆ: ಮಕ್ಕಳು ಓದುತ್ತಿರುವಾಗ ಶಿಕ್ಷಕರು ಒಬ್ಬೊಬ್ಬರ ಪಕ್ಕದಲ್ಲಿ ಎರಡೆರಡು ನಿಮಿಷ ಕುಳಿತು, ‘ಯಾವ ಪುಟದಲ್ಲಿದ್ದೀಯ, ಏನಾಗುತ್ತಿದೆ, ಒಂದು ಸಾಲು ನನಗೂ ಓದಿ ಹೇಳು’ ಎಂದು ಕೇಳುವ ಕೆಲಸವನ್ನು ಯಾವ ದಾಖಲೆಗಾಗಿಯೂ ಬಿಡಬಾರದು.

ತೊಡರುವ ಹಿರಿಯ ಮಗುವಿಗೆ ಸುಲಭದ ಪುಸ್ತಕವನ್ನು ಅವಮಾನವಾಗದಂತೆ ಕೊಡಲು ನಾನು ಕಂಡ ಒಳ್ಳೆಯ ದಾರಿ, ಕಿರಿಯರಿಗೆ ಓದಿ ಹೇಳುವ ಜವಾಬ್ದಾರಿಯನ್ನು ಅವನಿಗೆ ವಹಿಸುವುದು. ಮುಂದಿನ ವಾರ ಒಂದನೆಯ ತರಗತಿಗೆ ಓದಿ ಹೇಳಬೇಕಾದ ಚಿತ್ರಪುಸ್ತಕವನ್ನು ಅವನು ಸಿದ್ಧತೆಗೆಂದು ಹಲವು ಸಲ ಓದುತ್ತಾನೆ. ಒಂದೇ ಚಿಕ್ಕ ಪಠ್ಯವನ್ನು ಪದೇ ಪದೇ ಓದುವುದರಿಂದ ವೇಗವೂ ನಿಖರತೆಯೂ ಸುಧಾರಿಸುತ್ತವೆ ಎಂದು ಜೇ ಸ್ಯಾಮ್ಯುಯಲ್ಸ್ 1979ರಲ್ಲೇ ವಿವರಿಸಿದ್ದರು. ಹಿಂದುಳಿದ ವಿದ್ಯಾರ್ಥಿಗೆ ‘ಇದನ್ನೇ ಮತ್ತೆ ಓದು’ ಎಂದರೆ ಅದು ಶಿಕ್ಷೆಯಂತೆ ಕೇಳುತ್ತದೆ. ಪುಟ್ಟ ಮಕ್ಕಳು ಕಾಯುತ್ತಿದ್ದಾರೆ ಎಂದಾಗ ಅದಕ್ಕೊಂದು ಕಾರಣ ಒದಗುತ್ತದೆ. ಪುಟ್ಟ ಮಕ್ಕಳೂ ಅವನ ತಡವರಿಕೆಯನ್ನು ಲೆಕ್ಕಕ್ಕಿಡುವುದಿಲ್ಲ. ಅಣ್ಣನೊಬ್ಬ ತಮಗಾಗಿ ಓದುತ್ತಿದ್ದಾನೆ ಎಂಬುದೇ ಅವರಿಗೆ ದೊಡ್ಡದು.

ಬಹುಮಾನಗಳ ಬಗ್ಗೆ. ‘ತಿಂಗಳಲ್ಲಿ ಅತಿ ಹೆಚ್ಚು ಪುಸ್ತಕ ಓದಿದವರಿಗೆ ಬಹುಮಾನ’ ಎಂಬ ಯೋಜನೆಗಳನ್ನು ದಯವಿಟ್ಟು ನಿಲ್ಲಿಸಬೇಕು. ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಣ್ಣದ ಪೆನ್ನುಗಳಿಂದ ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ಪ್ರಮಾಣಪತ್ರ ಕೊಡುವುದಾಗಿ ಮೊದಲೇ ಹೇಳಿ ಚಿತ್ರ ಬರೆಸಲಾಯಿತು. ಕೆಲವು ದಿನಗಳ ಬಳಿಕ ಗಮನಿಸಿದಾಗ, ಪ್ರಮಾಣಪತ್ರದ ನಿರೀಕ್ಷೆಯಿಂದ ಬರೆದವರು ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬರೆಯುತ್ತಿದ್ದರು. ಮೊದಲೇ ಹೇಳದೆ ಪ್ರಮಾಣಪತ್ರ ಕೊಟ್ಟವರಲ್ಲಿ ಹೀಗಾಗಲಿಲ್ಲ. ಅದು ಚಿತ್ರದ ಕುರಿತಾದ ಪ್ರಯೋಗವಾದರೂ ಓದಿಗೂ ಎಚ್ಚರಿಕೆಯಾಗಬಲ್ಲುದು. ಎಣಿಕೆಯ ಸ್ಪರ್ಧೆಯಲ್ಲಿ ಗೆಲ್ಲುವುದು ಸಣ್ಣ ಪುಸ್ತಕಗಳನ್ನು ಓಡಿಸಿಕೊಂಡು ಹೋಗುವವರು. ಒಂದೇ ದೊಡ್ಡ ಪುಸ್ತಕದಲ್ಲಿ ತಿಂಗಳಿಡೀ ಮುಳುಗಿದ್ದ ಮಗು ಅಲ್ಲಿ ಸೋಲುತ್ತದೆ. ಓದಿದ್ದಕ್ಕೆ ಏನಾದರೂ ಕೊಡಲೇಬೇಕೆಂದಿದ್ದರೆ, ಮುಂದೆ ತರಿಸುವ ಪುಸ್ತಕಗಳ ಪಟ್ಟಿಯಲ್ಲಿ ಒಂದನ್ನು ಸೂಚಿಸುವ ಹಕ್ಕನ್ನು ಕೊಡಬಹುದು.

ಹಾಗಾದರೆ ಓದಿದ ಮೇಲೆ ಮಕ್ಕಳು ಏನನ್ನೂ ಮಾಡಬಾರದೇ ಎಂದು ತಾವು ಕೇಳಬಹುದು. ಮಾಡಲಿ, ಸಾರಾಂಶದ ಬದಲು, ಮುಂದಿನ ಓದುಗರಿಗಾಗಿ ಒಂದು ಚೀಟಿಯಲ್ಲಿ ಒಂದೇ ಸಾಲು ಬರೆದು ಪುಸ್ತಕದೊಳಗೆ ಇಡಲಿ. ‘ನಡುವೆ ಬೇಸರವಾಗುತ್ತದೆ, ಬಿಡಬೇಡ’ ಎಂಬ ಚೀಟಿಯೊಂದು ಎಷ್ಟೋ ಸಾರಾಂಶಗಳಿಗಿಂತ ಪ್ರಾಮಾಣಿಕವಾದ ವಿಮರ್ಶೆ, ಮತ್ತು ಅದು ಇನ್ನೊಬ್ಬರನ್ನು ಪುಸ್ತಕದೊಳಕ್ಕೆ ಕರೆಯುತ್ತದೆ. ಕಥೆ ನಡೆಯುವ ಊರಿನ ನಕ್ಷೆಯನ್ನು ಗುಂಪಾಗಿ ಬಿಡಿಸಲಿ: ಬಾವಿ ಮನೆಯ ಎಡಕ್ಕಿತ್ತೇ ಬಲಕ್ಕಿತ್ತೇ ಎಂಬ ಜಗಳ ಬಂದೊಡನೆ ಯಾರಾದರೊಬ್ಬರು ಪುಸ್ತಕ ತೆರೆದು ಸಾಲು ಹುಡುಕುತ್ತಾರೆ. ಸಂಭಾಷಣೆಯಿರುವ ಕಥೆಯನ್ನು ಪಾತ್ರ ಹಂಚಿಕೊಂಡು, ಬಾಯಿಪಾಠ ಮಾಡದೆ, ಪುಸ್ತಕ ಹಿಡಿದೇ ಧ್ವನಿಯಲ್ಲಿ ಅಭಿನಯಿಸಲಿ. ವೇಷಭೂಷಣ, ರಂಗಸಜ್ಜಿಕೆ, ಅತಿಥಿಗಳು ಎಂದು ಹೊರಟರೆ ಅದು ವಾರ್ಷಿಕೋತ್ಸವವಾಗಿ, ಪುಸ್ತಕ ಮೂಲೆ ಸೇರುತ್ತದೆ.

ಮಾಹಿತಿ ಪುಸ್ತಕಗಳ ವಿಷಯದಲ್ಲಿ ನಾವು ಇನ್ನೂ ಹಿಂದಿದ್ದೇವೆ. ಗ್ರಂಥಾಲಯದ ಓದೆಂದರೆ ಕಥೆಯ ಓದು ಎಂಬ ಭಾವನೆ ಬಲವಾಗಿರುವುದರಿಂದ ಕೀಟಗಳ, ಯಂತ್ರಗಳ, ನಕ್ಷತ್ರಗಳ ಪುಸ್ತಕಗಳು ಹೊಸದಾಗಿಯೇ ಉಳಿಯುತ್ತವೆ. ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಸ್‌ಬಾಲ್ ಆಟದ ವಿವರಣೆಯನ್ನು ಓದಿ ನೆನಪಿನಿಂದ ಹೇಳಬೇಕಾಗಿ ಬಂದಾಗ, ಆಟ ಗೊತ್ತಿದ್ದ ದುರ್ಬಲ ಓದುಗರು ಆಟ ಗೊತ್ತಿಲ್ಲದ ಉತ್ತಮ ಓದುಗರಿಗಿಂತ ಚೆನ್ನಾಗಿ ಹೇಳಿದರು. ಓದಿನ ಸಾಮರ್ಥ್ಯವೆಂದು ನಾವು ಕರೆಯುವುದರಲ್ಲಿ ವಿಷಯಜ್ಞಾನದ ಪಾಲು ಎಷ್ಟು ದೊಡ್ಡದೆಂಬುದು ಇದರಿಂದ ತಿಳಿಯುತ್ತದೆ. ಹಾವುಗಳ ಬಗ್ಗೆ ಎಲ್ಲವನ್ನೂ ತಿಳಿದಿರುವ, ಕಥೆಪುಸ್ತಕ ಮುಟ್ಟದ ಹುಡುಗಿಗೆ ಹಾವುಗಳ ಪುಸ್ತಕವೇ ಸರಿಯಾದ ಬಾಗಿಲು.

ಇಂಥ ಪುಸ್ತಕಗಳ ಜೊತೆ ಮಾಡಬಹುದಾದ ಕೆಲಸಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಸೌರವ್ಯೂಹದ ಕುರಿತಾದ ಹಳೆಯ ಪುಸ್ತಕವೊಂದನ್ನೂ ಹೊಸದೊಂದನ್ನೂ ಮಕ್ಕಳ ಗುಂಪಿಗೆ ಕೊಟ್ಟು ಗ್ರಹಗಳೆಷ್ಟು ಎಂದು ಹುಡುಕಲು ಹೇಳಬೇಕು. ಒಂದರಲ್ಲಿ ಒಂಬತ್ತು, ಇನ್ನೊಂದರಲ್ಲಿ ಎಂಟು. ಯಾವ ಪುಸ್ತಕ ಸುಳ್ಳು ಹೇಳುತ್ತಿದೆ? ಶಿಕ್ಷಕರು ಉತ್ತರ ಹೇಳದೆ ಕಾದರೆ, ಪರಿವಿಡಿ, ಪದಸೂಚಿ, ಕೊನೆಗೆ ಪ್ರಕಟಣೆಯ ವರ್ಷವಿರುವ ಪುಟ, ಹೀಗೆ ಯಾರೂ ನೋಡದ ಭಾಗಗಳನ್ನೆಲ್ಲ ಮಕ್ಕಳು ತಡಕುತ್ತಾರೆ. 1930ರಲ್ಲಿ ಕಂಡುಹಿಡಿದ ಪ್ಲೂಟೊವನ್ನು ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು 2006ರಲ್ಲಿ ಕುಬ್ಜಗ್ರಹಗಳ ಗುಂಪಿಗೆ ಸೇರಿಸಿತು ಎಂಬುದು ಮೂರನೆಯ ಪುಸ್ತಕದಲ್ಲಿ ಸಿಕ್ಕಾಗ, ಅಚ್ಚಾದದ್ದೆಲ್ಲ ಎಂದೆಂದಿಗೂ ನಿಜವಲ್ಲ, ಪುಸ್ತಕಕ್ಕೂ ವಯಸ್ಸಿದೆ ಎಂಬುದನ್ನು ಅವರು ತಾವಾಗಿಯೇ ಕಂಡುಕೊಳ್ಳುತ್ತಾರೆ. ಪರದೆಯ ಮೇಲೆ ಕಂಡದ್ದನ್ನೆಲ್ಲ ನಂಬುವ ಕಾಲದಲ್ಲಿ ಇದಕ್ಕಿಂತ ಉಪಯುಕ್ತ ಅಭ್ಯಾಸ ನನಗೆ ತೋಚದು. ಬಳಕೆಗೆ ಬಾರದ ಹಳೆಯ ಮಾಹಿತಿ ಪುಸ್ತಕಗಳನ್ನು ಸಂಗ್ರಹದಿಂದ ತೆಗೆದುಹಾಕಲು ಅನುಮತಿ ಬೇಕೆಂದು ಕೇಳುತ್ತಿರುವ ನಾನೇ, ಈ ಕಾರಣಕ್ಕೆ ಒಂದೆರಡನ್ನು ಉಳಿಸಿಕೊಳ್ಳಲೂ ಅನುಮತಿ ಕೇಳಬೇಕಾಗಿದೆ.

ಅಚ್ಚನ್ನು ಓದಲಾಗದ ಮಕ್ಕಳನ್ನು ಗ್ರಂಥಾಲಯ ಅವಧಿಯಲ್ಲಿ ಸುಮ್ಮನೆ ಕೂರಿಸುವುದು ಇನ್ನೂ ಮುಂದುವರಿದಿದೆ. ಲೂಯಿ ಬ್ರೈಲ್ ತನ್ನ ಲಿಪಿಯನ್ನು ಪ್ರಕಟಿಸಿದ್ದು 1829ರಲ್ಲಿ. ದೃಷ್ಟಿದೋಷ ಮುಂತಾದ ಕಾರಣಗಳಿಂದ ಅಚ್ಚನ್ನು ಓದಲಾರದವರಿಗಾಗಿ ಪುಸ್ತಕಗಳನ್ನು ಬ್ರೈಲ್, ಧ್ವನಿ ಮೊದಲಾದ ರೂಪಗಳಿಗೆ ತರುವಾಗ ಹಕ್ಕುಸ್ವಾಮ್ಯ ಅಡ್ಡಬರದಂತೆ ನೋಡಿಕೊಳ್ಳುವ ಮರ್ರಾಕೇಶ್ ಒಪ್ಪಂದ 2013ರಲ್ಲಿ ಆಗಿ, 2016ರಲ್ಲಿ ಜಾರಿಗೆ ಬಂತು. ಲಿಪಿಯೂ ಇದೆ, ಒಪ್ಪಂದವೂ ಇದೆ. ಪುಸ್ತಕ ಖರೀದಿಯ ಪಟ್ಟಿಯಲ್ಲಿ ಅವುಗಳಿಗೆ ಒಂದು ಸಾಲು ಬೇಕು. ಮನೆಮಾತು ಬೇರೆಯಿರುವ ಮಕ್ಕಳಿಗೆ ಅವರ ಭಾಷೆಯ ಕೆಲವು ಪುಸ್ತಕಗಳನ್ನು ತರಿಸುವ ವಿಷಯದಲ್ಲೂ ನನ್ನ ಮನವಿ ಇದೇ.

ಇದೆಲ್ಲವನ್ನೂ ಮಾಡುವವರು ಯಾರು? ಯುನೆಸ್ಕೊ 1999ರಲ್ಲಿ ಅಂಗೀಕರಿಸಿದ ಶಾಲಾ ಗ್ರಂಥಾಲಯ ಪ್ರಣಾಳಿಕೆಯು ಅರ್ಹತೆ ಪಡೆದ ಗ್ರಂಥಪಾಲಕರು ಶಾಲೆಗೆ ಬೇಕೆಂದು ಹೇಳುತ್ತದೆ. ಚಿಕ್ಕ ಪ್ರಾಥಮಿಕ ಶಾಲೆಗಳಿಗೆಲ್ಲ ಅದು ನಾಳೆಯೇ ಸಾಧ್ಯವಾಗದೆಂದು ಬಲ್ಲೆ. ಆದರೆ ಶಿಕ್ಷಕರೊಬ್ಬರಿಗೆ ಗ್ರಂಥಾಲಯದ ಹೊಣೆ ವಹಿಸುವಾಗ, ಮಕ್ಕಳ ಪುಸ್ತಕಗಳನ್ನು ತಾವೇ ಓದಲು ವಾರಕ್ಕೆ ಒಂದೆರಡು ಅವಧಿಯ ಬಿಡುವನ್ನೂ ಆದೇಶದಲ್ಲೇ ಬರೆಯುವುದು ಖಂಡಿತ ಸಾಧ್ಯ. ತಾನು ಓದದ ಪುಸ್ತಕವನ್ನು ಮಗುವಿಗೆ ಕೊಡುವವರು ಬರೀ ಉಗ್ರಾಣ ನೋಡಿಕೊಳ್ಳುವವರಾಗುತ್ತಾರೆ. ಪುಸ್ತಕ ಕೊಡುವ, ಪಡೆಯುವ, ಬರೆದಿಡುವ ಕೆಲಸವನ್ನು ಮೇಲಿನ ತರಗತಿಯ ಮಕ್ಕಳೇ ಸರದಿಯಂತೆ ಮಾಡಬಲ್ಲರು. ಅವರ ಲೆಕ್ಕ ನಮ್ಮದಕ್ಕಿಂತ ಕಟ್ಟುನಿಟ್ಟಾಗಿರುತ್ತದೆ. ಗೈರುಹಾಜರಾದ ಶಿಕ್ಷಕರ ತರಗತಿಯನ್ನು ತುಂಬಲು ಗ್ರಂಥಾಲಯ ಅವಧಿಯನ್ನೇ ಮೊದಲು ಬಲಿಕೊಡುವ ಪರಿಪಾಠವನ್ನು ಮುಖ್ಯ ಶಿಕ್ಷಕರು ಕೈಬಿಡಬೇಕು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 17ನೆಯ ವಿಧಿ ಮಕ್ಕಳ ಪುಸ್ತಕಗಳ ತಯಾರಿಕೆ ಮತ್ತು ಪ್ರಸಾರಕ್ಕೆ ಪ್ರೋತ್ಸಾಹ ಕೊಡಬೇಕೆನ್ನುತ್ತದೆ, 31ನೆಯ ವಿಧಿ ಬಿಡುವನ್ನೂ ಸಾಂಸ್ಕೃತಿಕ ಬದುಕಿನಲ್ಲಿ ಪಾಲ್ಗೊಳ್ಳುವುದನ್ನೂ ಮಗುವಿನ ಹಕ್ಕೆನ್ನುತ್ತದೆ. ಗ್ರಂಥಾಲಯ ಅವಧಿ ಈ ಎರಡೂ ಸೇರುವ ಜಾಗ.

ಕೊನೆಯದಾಗಿ ತಪಾಸಣೆಯ ನಮೂನೆಯ ಬಗ್ಗೆ ಒಂದು ಕೋರಿಕೆ. ಈಗಿರುವ ‘ಒಟ್ಟು ಪುಸ್ತಕಗಳ ಸಂಖ್ಯೆ’, ‘ದಾಸ್ತಾನು ವಹಿ ನಿರ್ವಹಣೆ’ ಎಂಬ ಅಂಕಣಗಳ ಜೊತೆಗೆ ಇನ್ನೂ ಕೆಲವನ್ನು ಸೇರಿಸಬೇಕು. ಕಳೆದ ತಿಂಗಳು ಮನೆಗೆ ಹೋಗಿ ಬಂದ ಪುಸ್ತಕಗಳಾವುವು? ಅತಿ ಹೆಚ್ಚು ಸವೆದಿರುವ ಪುಸ್ತಕ ಯಾವುದು, ಅದರ ಇನ್ನೊಂದು ಪ್ರತಿ ತರಿಸಲಾಗಿದೆಯೇ? ಈ ವಾರ ಯಾವ ತರಗತಿಗೆ ಯಾವ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳಲಾಯಿತು? ಮತ್ತು ತಪಾಸಣೆಗೆ ಬಂದವರು ಯಾವುದಾದರೂ ಮಗುವನ್ನು ಕರೆದು ‘ಈ ಕಥೆಯ ನೀತಿ ಏನು?’ ಎಂದು ಕೇಳದೆ, ‘ನನಗೊಂದು ಪುಸ್ತಕ ಆರಿಸಿ ಕೊಡುತ್ತೀಯಾ?’ ಎಂದು ಕೇಳಲಿ. ಮಗು ಎದ್ದು ನೇರವಾಗಿ ಒಂದು ಕಪಾಟಿನ ಬಳಿಗೆ ಹೋದರೆ ಆ ಶಾಲೆಯ ಗ್ರಂಥಾಲಯದ ಬಗ್ಗೆ ಬೇರೆ ಅಂಕಣ ತುಂಬಬೇಕಾದ ಅಗತ್ಯ ಅಷ್ಟಾಗಿ ಇರಲಾರದು. ಮುಂದಿನ ಶೈಕ್ಷಣಿಕ ವರ್ಷದ ವೇಳಾಪಟ್ಟಿಯೂ ತಪಾಸಣಾ ನಮೂನೆಯೂ ಅಂತಿಮವಾಗುವ ಮುನ್ನ ಈ ಮನವಿಯನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಗ್ರಂಥಾಲಯದ ಹೊಣೆ ಹೊತ್ತ ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ